ಏಳು ಹೆಸರಿನ ಜನರೇಟರು

ಇರಾಯ್ದಾ ಬಾಟಲಿಯನ್ನು ಅಂಗೈಗೆ ಬಗ್ಗಿಸಿಕೊಂಡು, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿ, ತಮ್ಮನ ಬಲಭುಜದ ಮೇಲಿಟ್ಟಳು. ನೋವಿಗೆಂದು ಮಲಗೆತಾ ಎಲೆ ನೆನೆಹಾಕಿದ ಸ್ಪಿರಿಟ್ಟಿನ ಘಾಟು ಬೇಕರಿಯ ಹಿಂದಿನ ಕೋಣೆಯನ್ನೆಲ್ಲ ತುಂಬಿತು. ಸೆಫೆರಿನೋ ಅಂಗಿ ಬಿಚ್ಚಿ ಹಿಟ್ಟಿನ ಮೂಟೆಯ ಮೇಲೆ ಕುಳಿತು ನೆಲ ನೋಡುತ್ತಿದ್ದ. ಅವಳು ಕತ್ತಿನ ಬುಡದಿಂದ ಶುರುಮಾಡಿ, ಭುಜದ ಸುತ್ತ ಬಂದು, ಮೊಣಕೈವರೆಗೂ ಹೆಬ್ಬೆರಳಿನಿಂದ ಒತ್ತುತ್ತ ಹೋದಳು. ಒಂದು ಕಡೆ ಬೆರಳು ತಾಗಿದಾಗ ಅವನ ಕಾಲಿನ ಬೆರಳುಗಳು ಮುದುಡಿಕೊಂಡವು. ಅವಳು ಅಲ್ಲಿ ನಿಧಾನ ಮಾಡಿದಳು. ಶುಕ್ರವಾರ ಸಂಜೆ ಸೋತರೆ ಶನಿವಾರ ಬೆಳಿಗ್ಗೆ ಅವರು ಮಾತಾಡುತ್ತಿರಲಿಲ್ಲ. ಈ ವರ್ಷ ಅಂಥ ಶನಿವಾರಗಳೇ ಹೆಚ್ಚು.

ಸೆಫೆರಿನೋಗೆ ನಲವತ್ತು ದಾಟಿತ್ತು. ವಾರವಿಡೀ ಶಾಲೆಯ ಬಸ್ಸು ಓಡಿಸುತ್ತಿದ್ದ, ಶುಕ್ರವಾರ ರಿಯೋ ಪಾರ್ದೋ ಊರಿನ ಬೇಸ್‌ಬಾಲ್ ತಂಡಕ್ಕೆ ಪಿಚರ್ ಆಗುತ್ತಿದ್ದ. ಒಳ್ಳೆಯ ಪಿಚರ್ ಎಂದಲ್ಲ. ಚೆಂಡೆಸೆಯಲು ಬೇರೆ ಯಾರೂ ಉಳಿದಿರಲಿಲ್ಲ. ಕೈಯಲ್ಲಿ ಬಲವಿದ್ದವರೆಲ್ಲ ದುಡ್ಡಿರುವ ಕರಾವಳಿಯ ತಂಡಗಳಿಗೆ ಹೋಗಿದ್ದರು. ತಂಡದ ಯಜಮಾನಿಕೆ ಇರಾಯ್ದಾಳದು. ಗಂಡ ತೀರಿಕೊಂಡ ಮೇಲೆ ಬೇಕರಿಯ ಜೊತೆಗೆ ಅದೂ ಅವಳ ಕೊರಳಿಗೆ ಬಂದಿತ್ತು. ಅಂಗಿ ಹೊಲಿಸುವುದು, ಚೆಂಡು ತರಿಸುವುದು, ಅಂಪೈರುಗಳಿಗೆ ಊಟ ಹಾಕುವುದು, ಸೋತವರನ್ನು ಮನೆಗೆ ಬಿಡುವುದು ಎಲ್ಲ ಅವಳೇ.

ಹಿಂದಿನ ದಿನ ಲೀಗಿನವರು ಫೋನ್ ಮಾಡಿದ್ದರು. ಈ ಸಲವೂ ಕೊನೆಯ ಸ್ಥಾನದಲ್ಲೇ ನಿಂತರೆ ತಂಡವನ್ನು ವಿರಾಮಕ್ಕೆ ಕಳಿಸುತ್ತೇವೆ ಎಂದಿದ್ದರು. ವಿರಾಮ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ನದಿಯಾಚೆಯ ಊರಿನ ತಂಡ ಒಂದು ವರ್ಷದ ಮಟ್ಟಿಗೆಂದು ವಿರಾಮಕ್ಕೆ ಹೋಗಿತ್ತು. ಈಗ ಆ ಮೈದಾನದಲ್ಲಿ ಕುದುರೆ ಮೇಯುತ್ತಿದ್ದವು. ರಿಯೋ ಪಾರ್ದೋದಲ್ಲಿ ಶಾಲೆ ಅರ್ಧ ಮುಚ್ಚಿತ್ತು, ಅಂಚೆ ಕಚೇರಿ ಪೂರ್ತಿ ಮುಚ್ಚಿತ್ತು. ಊರಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡುವುದು ಮೈದಾನದಲ್ಲಿ ಮಾತ್ರ. ಅವಳು ಫೋನಿನ ವಿಷಯವನ್ನು ಸೆಫೆರಿನೋಗೆ ಹೇಳಿರಲಿಲ್ಲ. ಹೇಳಿದರೆ ಅವನು ಇನ್ನೂ ಜೋರಾಗಿ ಎಸೆಯಲು ಹೋಗುತ್ತಿದ್ದ.

ಹಿಂಬಾಗಿಲಲ್ಲಿ ನೆರಳು ಬಿತ್ತು. "ಒಳಗೆ ಬರಬಹುದಾ, ದೋನ್ಯಾ?" ಊರಿನವರು ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುತ್ತಿದ್ದುದು ಹಾಗೆಯೇ.

ಸೆಫೆರಿನೋ ಅವಸರದಲ್ಲಿ ಎಡಗೈಯಿಂದ ಅಂಗಿ ಎಳೆದುಕೊಂಡ. ಬಂದವನು ಯಾಮಿಲ್ ಕಾಂದೆಲಾರ್ಯೋ. ಇದೇ ಊರಿನ ಮೇಲಿನ ಮಾಮೆಯಾಲ್ ಗುಡ್ಡದಲ್ಲಿ ಹುಟ್ಟಿದವನು, ಎಡಗೈ ಪಿಚರ್. ಆರು ವರ್ಷ ಕರಾವಳಿಯ ಕಾಲ್ಮಾ ತಂಡದ ಹಳದಿ ಅಂಗಿ ತೊಟ್ಟು ಆಡಿದ್ದ. ಅವನು ಸೆಫೆರಿನೋನ ಭುಜದ ಕಡೆ ನೋಡಿದ.

"ಹೇಗಿದೆಯಣ್ಣ ಕೈ?"

"ಇದೆ. ಇನ್ನೂ ಮೈಗೆ ಅಂಟ್ಕೊಂಡಿದೆ."

"ನಾನು ಬ್ರೆಡ್ಡಿಗೆ ಬಂದಿಲ್ಲ, ದೋನ್ಯಾ."

"ಗೊತ್ತು. ಬ್ರೆಡ್ಡಿಗೆ ಬರೋರು ಮುಂಬಾಗಿಲಿಂದ ಬರ್ತಾರೆ," ಎಂದಳು ಇರಾಯ್ದಾ. "ಕೂತ್ಕೋ."

ಅವನು ಕೂರಲಿಲ್ಲ. "ಕಾಲ್ಮಾದೋರು ನನ್ನನ್ನ ಬಿಟ್ಬಿಟ್ರು. ಈಗ ಯಾರಿಗೂ ಸೇರಿದೋನಲ್ಲ. ಎರಡು ಊರಿನೋರು ಕೇಳಿದ್ದಾರೆ. ಅವರಿಗೆ ಹೂಂ ಅನ್ನೋ ಮೊದಲು ನಿಮ್ಮನ್ನ ಕೇಳೋಣ ಅಂತ."

"ಯಾಕೆ ಬಿಟ್ರು?" ಎಂದ ಸೆಫೆರಿನೋ.

"ವಯಸ್ಸಾಯ್ತಂತೆ. ಮಂಡಿ ನೋವು ಅಂತ ಯಾರೋ ಚಾಡಿ ಹೇಳಿದ್ದಾರೆ."

"ನೋವಿಲ್ವಾ?"

"ಇದೆ."

ಸೆಫೆರಿನೋಗೆ ನಗು ಬಂತು. ಇರಾಯ್ದಾ ಕೈ ಒರೆಸಿಕೊಂಡು, "ಎಷ್ಟು ಕೇಳ್ತೀಯಾ?" ಎಂದಳು.

"ದುಡ್ಡು ಬೇಡ. ಮೈದಾನದಲ್ಲಿರೋ ಜನರೇಟರ್ ಬೇಕು."

ಯಾಮಿಲ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಅಮ್ಮನ ಉಸಿರಿನ ಯಂತ್ರಕ್ಕೆ," ಎಂದ. "ಮಾಮೆಯಾಲ್‌ನಲ್ಲಿ ಕರೆಂಟಿನ ಲೈನ್ ಹೋದ್ರೆ ಕೆಳಗಿನ ಹಾಗೆ ಒಂದು ಗಂಟೆಗೆ ಬರಲ್ಲ. ಎರಡು ದಿನ, ಮೂರು ದಿನ. ಸಿಲಿಂಡರ್ ಒಂದು ರಾತ್ರಿಗೆ ಮುಗೀತದೆ. ಬೆಳಗಾಗೋವರೆಗೆ ಅದರ ಮುಳ್ಳು ನೋಡ್ತಾ ಕೂತಿರ್ತೀವಿ."

"ಅದಕ್ಕೆ ಸಣ್ಣದೊಂದು ಸಾಕಲ್ವೇನೋ?" ಎಂದಳು ಇರಾಯ್ದಾ.

"ಸಣ್ಣವು ಎರಡು ಸುಟ್ಟುಹೋದವು. ಓಣಿಯಲ್ಲಿ ಬೇರೆ ಮನೆಗಳಿದ್ದಾವೆ, ಎಲ್ಲಾರೂ ಒಂದೊಂದು ತಂತಿ ತಗೊಂಡು ಬರ್ತಾರೆ. ಬೇಡ ಅಂತ ಹೇಗೆ ಹೇಳೋದು?"

"ದುಡ್ಡು ತಗೊಂಡು ದೊಡ್ಡದು ನೀನೇ ತಗೋ."

"ದುಡ್ಡು ಕೊಟ್ರೆ ಕಳೀತೀನಿ ದೋನ್ಯಾ. ನನ್ನನ್ನ ನಾನು ಬಲ್ಲೆ. ಕಾಲ್ಮಾದೋರು ಆರು ವರ್ಷ ಕೊಟ್ರು." ಅವನು ಎರಡೂ ಕೈ ಬಿಡಿಸಿ ತೋರಿಸಿದ. ಟೋಪಿ ಕೆಳಗೆ ಬಿತ್ತು.

"ಅದು ನನ್ನದಲ್ಲಪ್ಪ ಕೊಡೋಕೆ," ಎಂದಳು ಇರಾಯ್ದಾ. "ಏಳು ಹೆಂಗಸರದು."

"ಗೊತ್ತು," ಎಂದ ಯಾಮಿಲ್, ಟೋಪಿ ಎತ್ತಿಕೊಳ್ಳುತ್ತ. "ಅದರಲ್ಲಿ ಒಂದು ಹೆಸರು ನಮ್ಮಮ್ಮಂದು."

ಅದು ನಿಜ. ಚಂಡಮಾರುತ ಬಂದುಹೋದ ವರ್ಷ ಊರು ತಿಂಗಳುಗಟ್ಟಲೆ ಕತ್ತಲಲ್ಲಿತ್ತು. ಆಗ ಏಳು ಹೆಂಗಸರು ಮೈದಾನದ ಬೇಲಿಯ ಹತ್ತಿರ ಸೌದೆ ಒಲೆ ಹೂಡಿ, ಹಸಿರು ಬಾಳೆಕಾಯಿ ತುರಿದು, ಏಡಿ ತುಂಬಿಸಿ ಅಲ್ಕಪುರಿಯಾ ಕರಿದು ಮಾರಿದ್ದರು. ಎರಡು ಚಕ್ರದ ಮೇಲೆ ನಿಲ್ಲುವ ಆ ದೊಡ್ಡ ಡೀಸೆಲ್ ಜನರೇಟರು ಆ ಮಾರಾಟದ ದುಡ್ಡಿನಲ್ಲಿ ಬಂದ ದಿನ ಯಾರೋ ಬಿಳಿ ಬಣ್ಣದಲ್ಲಿ ಏಳು ಜನರ ಹೆಸರನ್ನೂ ಅದರ ಹೊಟ್ಟೆಯ ಮೇಲೆ ಬರೆದರು. ಕೊನೆಯ ಹೆಸರು ಯೂಫೆಮಿಯಾ. ಯಾಮಿಲ್‌ನ ತಾಯಿ. ಆಗ ಅವಳು ಗುಡ್ಡದಿಂದ ನಡೆದೇ ಇಳಿದು ಬರುತ್ತಿದ್ದಳು, ತಲೆಯ ಮೇಲೆ ಬಾಳೆಗೊನೆ ಹೊತ್ತು. ಅಂದಿನಿಂದ ಮೈದಾನದಲ್ಲಿ ಲೈನ್ ಹೋದರೂ ದೀಪ ಆರಿರಲಿಲ್ಲ.

ಗುರುವಾರ ಮಧ್ಯಾಹ್ನ ಹೆಂಗಸರು ಮೈದಾನದ ತಗಡಿನ ಸೂರಿನಡಿ ಬಾಳೆಕಾಯಿ ತುರಿಯಲು ಕುಳಿತಾಗ ಇರಾಯ್ದಾ ವಿಷಯ ತೆಗೆದಳು. ತುರಿಮಣೆಗಳ ಸದ್ದು ಒಮ್ಮೆ ನಿಂತು, ಮತ್ತೆ ಶುರುವಾಯಿತು, ಈಗ ಸ್ವಲ್ಪ ಜೋರಾಗಿ.

"ಹಳದಿ ಅಂಗಿ ಹಾಕ್ಕೊಂಡು ನಮ್ಮ ಹುಡುಗರನ್ನ ಔಟ್ ಮಾಡಿ ಹಲ್ಲು ಕಿರೀತಿದ್ನಲ್ಲ, ಆವಾಗ ಅವರಮ್ಮ ನೆನಪಾಗಲಿಲ್ವಂತಾ?" ಎಂದಳು ದೋನ್ಯಾ ಪ್ರೋವಿ. ಏಳು ಜನರಲ್ಲಿ ಅವಳೇ ಹಿರಿಯಳು. ಹೆಸರೂ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇತ್ತು. "ಒಂದು ಮಾತ್ರೆ ಸಾಗಿಸೋಕೆ ಲಾರಿ ಕೇಳ್ತಾನೆ, ನೋಡೇ."

"ಮಾತ್ರೆ ಅಲ್ಲ ದೋನ್ಯಾ, ಉಸಿರು," ಎಂದಳು ಮರಿಸೆಲ್. ಎಲ್ಲರಿಗಿಂತ ಕಿರಿಯಳು.

"ಉಸಿರು ನನಗೂ ಸಾಲದು. ನನಗ್ಯಾರು ಕೊಡ್ತಾರೆ ಜನರೇಟರ್?"

"ನಿಮಗೆ ಉಸಿರು ಸಾಲದೇ ಇರೋದು ಮಾತಾಡಿ ಮಾತಾಡಿ."

ಎಲ್ಲರೂ ನಕ್ಕರು. ಪ್ರೋವಿ ತಾನೂ ನಕ್ಕು, ತುರಿಯ ಮುದ್ದೆಯಿಂದ ಒಂದು ಚೂರು ತೆಗೆದು ಮರಿಸೆಲ್‌ನ ಕಡೆ ಎಸೆದಳು. "ಸರಿ ಕಣೇ. ಏಳರಲ್ಲಿ ಒಂದು ಪಾಲು ಯೂಫೆಮಿಯಾಂದು, ನಾನೇನು ಇಲ್ಲ ಅಂದ್ನಾ? ಒಂದು ಚಕ್ರ ಬಿಚ್ಕೊಂಡು ಹೋಗ್ಲಿ."

"ಐದು ಆಟ ಉಳಿದಿದೆ," ಎಂದಳು ಇರಾಯ್ದಾ. "ಅವನಿಲ್ದೆ ನಾವು ಒಂದೂ ಗೆಲ್ಲಲ್ಲ. ತಂಡ ಹೋದ ಮೇಲೆ ಜನರೇಟರ್ ಇಟ್ಕೊಂಡು ಏನ್ಮಾಡೋದು? ದೀಪ ಹಾಕ್ಕೊಂಡು ಕುದುರೆ ಮೇಯೋದು ನೋಡ್ತೀರಾ?"

"ಜನರೇಟರ್ ಹೋದ ಮೇಲೆ ತಂಡ ಇಟ್ಕೊಂಡು?" ಎಂದಳು ಮರಿಸೆಲ್. "ಆಟದ ಮಧ್ಯೆ ಲೈನ್ ಹೋದ್ರೆ? ಅರ್ಧ ಗಂಟೆಯಲ್ಲಿ ದೀಪ ಬರದಿದ್ರೆ ಊರಿನ ತಂಡ ಸೋತ ಹಾಗೆ ಅಂತ ಲೀಗಿನ ಕಾನೂನಿದೆ."

"ಭಾನುವಾರ ಮಧ್ಯಾಹ್ನ ಆಡೋಣ. ಸೂರ್ಯನಿಗೆ ಲೈನ್ ಬೇಡ," ಎಂದಳು ಇರಾಯ್ದಾ.

"ಆ ಬಿಸಿಲಲ್ಲಿ ಯಾರೇ ಕರಿದದ್ದು ತಿಂತಾರೆ?" ಎಂದಳು ಪ್ರೋವಿ.

ಆಗ ಸೆಫೆರಿನೋ ಎಣ್ಣೆಯ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂದ. ಬಲಗೈಯನ್ನು ಮೈಗೆ ಅಂಟಿಸಿಕೊಂಡಿದ್ದ. ಪ್ರೋವಿ ಅವನನ್ನೇ ಕೇಳಿದಳು.

"ನೀನು ಹೇಳೋ ಸೆಫೆ. ನಿನ್ನ ಜಾಗಕ್ಕೇ ಬರ್ತಿರೋನು. ಅಷ್ಟು ಬೆಲೆ ಬಾಳ್ತಾನಾ?"

ಅವನು ಡಬ್ಬಿ ಕೆಳಗಿಟ್ಟ. "ಮೂವತ್ತಾರು ವಯಸ್ಸು. ಮಂಡಿ ಹೋಗಿದೆ. ಮೊದಲಿನ ವೇಗ ಇಲ್ಲ. ಈ ಬೆಲೆ ಬಾಳಲ್ಲ," ಎಂದ. ಹೆಂಗಸರು ತಲೆಯಾಡಿಸಿದರು. ಅವನು ಗೋಡೆಗೆ ಒರಗಿ, ಬಲಗೈಯನ್ನು ಎಡಗೈಯಿಂದ ಹಿಡಿದು ಎತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಇಟ್ಟುಕೊಂಡ. "ನಾನಂತೂ ಯಾವ ಬೆಲೆಯೂ ಬಾಳಲ್ಲ. ಕೊಟ್ಬಿಡಿ."

ಪ್ರೋವಿ ಕೈಯಲ್ಲಿದ್ದ ಬಾಳೆಕಾಯಿಯನ್ನು ಬೆರಳು ತಾಗುವವರೆಗೂ ತುರಿದಳು. "ನನ್ನ ಹೆಸರಿನ ಮೇಲೆ ಬಣ್ಣ ಬಳಿಬಾರದು ಅಂತ ಹೇಳು ಅವನಿಗೆ," ಎಂದಳು ಕೊನೆಗೆ, ಯಾರ ಮುಖವನ್ನೂ ನೋಡದೆ.

ಮಾರನೆಯ ದಿನ ಯಾಮಿಲ್ ಯಾರದೋ ಪಿಕಪ್ ತಂದು ಜನರೇಟರನ್ನು ಹಿಂದಕ್ಕೆ ಕಟ್ಟಿಕೊಂಡು ಹೋದ. ಗುಡ್ಡದ ತಿರುವುಗಳಲ್ಲಿ ಅದು ಎಡಕ್ಕೆ ಬಲಕ್ಕೆ ಓಲಾಡುತ್ತ ಹತ್ತುವುದನ್ನು ಹೆಂಗಸರು ಬೇಲಿಯ ಹತ್ತಿರ ನಿಂತು ನೋಡಿದರು. ಬಿಳಿ ಅಕ್ಷರಗಳು ಬಹಳ ಹೊತ್ತು ಕಾಣಿಸುತ್ತಿದ್ದವು. ಅದು ನಿಂತಿದ್ದ ಕಡೆ ಎಣ್ಣೆಯ ಕಲೆ, ಅದರ ಸುತ್ತ ಬಿಸಿಲು ಕಾಣದೆ ಬಿಳಿಚಿಕೊಂಡ ಹುಲ್ಲು ಉಳಿಯಿತು.

ಸೆಫೆರಿನೋ ಹೇಳಿದ್ದು ಸರಿಯಾಗಿತ್ತು. ಯಾಮಿಲ್‌ನಲ್ಲಿ ವೇಗ ಉಳಿದಿರಲಿಲ್ಲ. ಆದರೆ ನಿಧಾನವಾಗಿ ಎಸೆಯುವುದರಲ್ಲೇ ಅವನಿಗೊಂದು ಹಟಮಾರಿತನವಿತ್ತು. ಬ್ಯಾಟುಗಾರ ಈಗ ಬಂತು, ಈಗ ಬಂತು ಎಂದು ಬೀಸಿ ಮುಗಿಸಿದ ಮೇಲೆ ಚೆಂಡು ಬರುತ್ತಿತ್ತು. ಮೊದಲ ಭಾನುವಾರ ಸೋತರು. ಎರಡನೆಯದರಲ್ಲಿ ಗೆದ್ದರು, ಮೂರನೆಯದರಲ್ಲೂ ಗೆದ್ದರು. ಅವನ ಮಂಡಿ ಊದಿದ ವಾರ, ಎಸೆದು ಗೊತ್ತಿಲ್ಲದ ಹುಡುಗನೊಬ್ಬನನ್ನು ನಿಲ್ಲಿಸಿದ ಆಟ ಹೋಯಿತು. ಸೆಫೆರಿನೋ ಅಂಗಿ ತೊಟ್ಟು, ಕೈಕಟ್ಟಿ, ಗೆರೆಯ ಪಕ್ಕ ನಿಂತಿರುತ್ತಿದ್ದ. ಓಡುವ ಹುಡುಗರಿಗೆ ನಿಲ್ಲು, ಹೋಗು ಎಂದು ಹೇಳುವ ಕೆಲಸ. ಅದಕ್ಕೂ ಅವನು ಎಡಗೈಯನ್ನೇ ಎತ್ತುತ್ತಿದ್ದ.

ಎಸೆಯದಿದ್ದರೂ ಅವನ ಭುಜ ನೋಯುತ್ತಿತ್ತು. ಬಾಟಲಿ ಮುಗಿಯುತ್ತಲೇ ಇತ್ತು. ಒಂದು ಸೋಮವಾರ ಯಾಮಿಲ್ ಕೂಡ ಬಂದು ಮೂಟೆಯ ಮೇಲೆ ಕುಳಿತು ಮಂಡಿ ತೋರಿಸಿದ. ಅದು ಹಲಸಿನ ಎಳೆಕಾಯಿಯ ಹಾಗೆ ಊದಿಕೊಂಡಿತ್ತು. ಇರಾಯ್ದಾ ನೆಲದ ಮೇಲೆ ಕುಳಿತು ತಿಕ್ಕಿದಳು.

"ಅಮ್ಮ ಈಗ ಮಲಗ್ತಾಳೆ, ದೋನ್ಯಾ," ಎಂದ ಅವನು, ಅವಳು ಕೇಳದೆಯೇ. "ಮೊದಲು ಲೈನ್ ಹೋಗ್ತದೆ ಅಂತ ಹೆದರಿ ಕುರ್ಚಿಯಲ್ಲೇ ಕೂತು ಬೆಳಗು ಮಾಡ್ತಿದ್ಲು. ಈಗ ಮಂಚದ ಮೇಲೆ ಕಾಲು ಚಾಚಿ ಮಲಗ್ತಾಳೆ. ಗೊರಕೆ ಬೇರೆ."

"ಗೊರಕೆ ನಮ್ಮ ಕಾಲದಲ್ಲೂ ಹೊಡೀತಿದ್ಲು. ಒಲೆ ಮುಂದೆ ಕೂತ್ಕೊಂಡೇ," ಎಂದಳು ಇರಾಯ್ದಾ. ಸ್ವಲ್ಪ ಹೊತ್ತಿಗೆ ಅವನು ಗೋಡೆಗೆ ತಲೆ ಕೊಟ್ಟು ನಿದ್ದೆಹೋದ. ಅವಳು ಎದ್ದು ಒಲೆಯಿಂದ ಬ್ರೆಡ್ಡು ತೆಗೆಯಲು ಹೋದಳು, ಸದ್ದಾಗದ ಹಾಗೆ.

ಕೊನೆಯ ಆಟ ಉಳಿಯಿತು, ಅದೂ ಕಾಲ್ಮಾದ ಎದುರು. ಗೆದ್ದರೆ ಕೊನೆಯ ಸ್ಥಾನದಿಂದ ಒಂದು ಮೆಟ್ಟಿಲು ಮೇಲೆ, ಸೋತರೆ ವಿರಾಮ. ಆಟ ಶುಕ್ರವಾರ ಸಂಜೆಯೋ ಭಾನುವಾರ ಮಧ್ಯಾಹ್ನವೋ ಎಂದು ಊರಿನ ತಂಡವೇ ಹೇಳಬೇಕಿತ್ತು. ಸೂರಿನಡಿ ಕುಳಿತಾಗ ಮೊದಲು ಬಾಯಿ ತೆಗೆದವಳು ಪ್ರೋವಿ.

"ಶುಕ್ರವಾರ ಇಡೇ ಇರಾಯ್ದಾ. ಊರೆಲ್ಲ ಬರ್ತದೆ. ಕಾಲ್ಮಾದಿಂದ ಬಸ್ಸು ತುಂಬ ಬರ್ತಾರೆ. ಅವರೂ ತಿನ್ನಲಿ ನನ್ನ ಕೈಯಿಂದ, ತಿಂದು ಸೋತು ಹೋಗ್ಲಿ."

"ಲೈನ್?"

"ಎಷ್ಟು ದಿನ ಆಯ್ತು ಹೋಗಿ? ನನಗೇ ಮರೆತು ಹೋಗಿದೆ."

"ಒಂದು ಸಂಜೆ ಮಟ್ಟಿಗೆ ಅದನ್ನ ತಂದುಕೊಡು ಅಂತ ಯಾಮಿಲ್‌ನ ಕೇಳಿದ್ರೆ?" ಎಂದಳು ಮರಿಸೆಲ್.

"ಸಿಮೆಂಟ್ ಹಾಕಿ ಕೂರಿಸಿದ್ದಾನೆ. ಓಣಿಗೆಲ್ಲ ತಂತಿ ಎಳೆದಿದ್ದಾನೆ," ಎಂದಳು ಇರಾಯ್ದಾ. "ಕೊಟ್ಟಿದ್ದನ್ನ ಮತ್ತೆ ಕೇಳೋದು ಬೇಡ."

ಭಾನುವಾರ ಎನ್ನುವುದು ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಪ್ರೋವಿಯ ಮುಖ ನೋಡಿದಳು. ಭಾನುವಾರದ ಬಿಸಿಲಿನಲ್ಲಿ ಬೀಸಣಿಗೆ ಹಿಡಿದು, ಯಾರೂ ಕೊಳ್ಳದ ಅಲ್ಕಪುರಿಯಾಗಳ ಮುಂದೆ ತೂಕಡಿಸುತ್ತ ಕೂರುತ್ತಿದ್ದ ಮುಖ ಅದು. ಇರಾಯ್ದಾಳಿಗೂ ಮೈದಾನವನ್ನು ದೀಪದಲ್ಲಿ ನೋಡುವ ಆಸೆಯಿತ್ತು. ದೀಪದಲ್ಲಿ ಹುಲ್ಲು ಹೆಚ್ಚು ಹಸಿರಾಗಿ ಕಾಣುತ್ತಿತ್ತು. ಊರು ತುಂಬಿದ ಹಾಗೆ ಕಾಣುತ್ತಿತ್ತು. ಇಷ್ಟು ದಿನ ಎಲ್ಲದಕ್ಕೂ ಬೇಡ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ಶುಕ್ರವಾರ," ಎಂದಳು.

ಶುಕ್ರವಾರ ಊರೆಲ್ಲ ಬಂತು. ಬೇಲಿಯ ಉದ್ದಕ್ಕೂ ಕುರ್ಚಿ ಹಾಕಿಕೊಂಡು, ಪಿಕಪ್‌ಗಳ ಬೆನ್ನ ಮೇಲೆ ನಿಂತು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಕಾಲ್ಮಾದ ಬಸ್ಸು ಹಳದಿ ಬಾವುಟ ಹಾರಿಸಿಕೊಂಡು ಬಂದಿತು. "ನಮ್ಮ ಹಳೇ ಸಾಮಾನು ಹೇಗಿದೆ, ಚೆನ್ನಾಗಿ ಓಡ್ತಿದೆಯಾ?" ಎಂದು ಅವರಲ್ಲೊಬ್ಬ ಕೂಗಿದ. "ನಿಮ್ಮ ಹೊಸದಕ್ಕಿಂತ ಚೆನ್ನಾಗಿದೆ ಕಣೋ! ಎರಡು ತಿನ್ನು, ಹೊಟ್ಟೆ ಉರಿ ಕಡಿಮೆಯಾಗ್ತದೆ," ಎಂದು ಪ್ರೋವಿ ಬಾಣಲೆಯ ಹಿಂದಿನಿಂದ ಕೂಗಿದಳು. ಎಣ್ಣೆ ಚುರುಗುಟ್ಟುತ್ತಿತ್ತು. ಮರಿಸೆಲ್‌ಗೆ ಕಾಗದದಲ್ಲಿ ಸುತ್ತಿ ಕೊಡಲು ಕೈ ಸಾಲುತ್ತಿರಲಿಲ್ಲ.

ಯಾಮಿಲ್ ಕುಂಟುತ್ತಲೇ ಎಸೆಯುತ್ತಿದ್ದ. ಪ್ರತಿ ಇನಿಂಗ್ಸ್ ಮುಗಿದಾಗ ಬೆಂಚಿಗೆ ಬಂದು ಕಾಲು ಚಾಚುತ್ತಿದ್ದ, ಇರಾಯ್ದಾ ಬಾಟಲಿ ತೆಗೆದು ಮಂಡಿಗೆ ತಿಕ್ಕುತ್ತಿದ್ದಳು. ಸೆಫೆರಿನೋ ಪಕ್ಕದಲ್ಲಿ ಕುಳಿತು, "ಮೂರನೆಯವನಿಗೆ ಕೆಳಗೆ ಹಾಕು, ಅವನಿಗೆ ಸೊಂಟ ಬಗ್ಗಲ್ಲ," ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದ. ಐದನೆಯ ಇನಿಂಗ್ಸ್ ಬಂದಾಗ ರಿಯೋ ಪಾರ್ದೋ ಒಂದು ರನ್ ಮುಂದಿತ್ತು. ಕಾಲ್ಮಾದ ಇಬ್ಬರು ಔಟಾಗಿದ್ದರು. ಇನ್ನೊಬ್ಬ ಔಟಾದರೆ ಅವರ ಐದನೆಯ ಸರದಿ ಮುಗಿದು, ಲೀಗಿನ ಕಾನೂನಿನಂತೆ ಆಟ ಲೆಕ್ಕಕ್ಕೆ ಸೇರುತ್ತಿತ್ತು. ಆಮೇಲೆ ಮಳೆ ಬರಲಿ, ಏನೇ ಬರಲಿ, ಮುಂದಿದ್ದವರೇ ಗೆದ್ದ ಹಾಗೆ. ಜನ ಎದ್ದು ನಿಂತರು. ಇರಾಯ್ದಾ ಬಾಟಲಿಯ ಮುಚ್ಚಳ ಹಾಕುವುದನ್ನು ಮರೆತಳು. ಯಾಮಿಲ್ ಚೆಂಡನ್ನು ಕೈಗವಸಿನೊಳಗೆ ತಿರುಗಿಸಿ ಹಿಡಿದು, ಉಸಿರೆಳೆದುಕೊಂಡು, ಕೈ ಮೇಲೆತ್ತಿದ.

ಲೈನ್ ಹೋಯಿತು.

ಕಂಬದ ದೀಪಗಳು ಒಮ್ಮೆ ಕೆಂಪಗಾಗಿ ಆರಿದವು. ಮೈದಾನ, ಚೌಕ, ಇಗರ್ಜಿ, ನದಿಯವರೆಗಿನ ಮನೆಗಳು, ಎಲ್ಲ ಒಟ್ಟಿಗೆ. ಜನ ಓ ಎಂದು ಕೂಗಿದರು, ಕೂಗು ಅರ್ಧಕ್ಕೇ ನಿಂತಿತು. ಆ ಕ್ಷಣದಲ್ಲಿ ಊರಿನವರಿಗೆಲ್ಲ ಹುಲ್ಲಿನ ಮೇಲಿನ ಆ ಎಣ್ಣೆಯ ಕಲೆಯೊಂದೇ ನೆನಪಾಗಿರಬೇಕು. ಬೇಲಿಯಾಚೆಯ ಪೊದೆಗಳಲ್ಲಿ ಕೊಕಿ ಕಪ್ಪೆಗಳು ಕೂಗುವುದು ಕೇಳಿಸತೊಡಗಿತು. ಪ್ರೋವಿಯ ಬಾಣಲೆಯಲ್ಲಿ ಎಣ್ಣೆ ಇನ್ನೂ ಕುದಿಯುತ್ತಿತ್ತು, ಆದರೆ ಯಾರೂ ಕೊಳ್ಳಲು ಬರುತ್ತಿರಲಿಲ್ಲ.

ಅಂಪೈರ್ ರಾಜಧಾನಿಯ ಕಡೆಯವನು, ಈ ವರ್ಷ ಇಲ್ಲಿಗೆ ಬಂದದ್ದು ಮೊದಲ ಸಲ. ಅವನು ಮುಖವಾಡ ತೆಗೆದು, ಫೋನಿನ ಬೆಳಕಿನಲ್ಲಿ ಕೈಗಡಿಯಾರ ನೋಡಿಕೊಂಡ. "ಅರ್ಧ ಗಂಟೆ ಇದೆ," ಎಂದ. "ಅವಸರ ಏನಿಲ್ಲ. ನಿಮ್ಮಲ್ಲಿ ಜನರೇಟರ್ ಇದೆಯಂತಲ್ಲ, ಎಲ್ಲಾರೂ ಹೇಳ್ತಾರೆ."

ಇರಾಯ್ದಾ ಬೆಂಚಿನಿಂದ ಎದ್ದಳು, ಎದ್ದವಳು ಅಲ್ಲೇ ನಿಂತಳು. ಪಕ್ಕದಲ್ಲಿ ಸೆಫೆರಿನೋ ನೋಯುವ ಕೈಯನ್ನು ಎದೆಗೆ ಎತ್ತಿಕೊಳ್ಳುವುದು ಕತ್ತಲಲ್ಲೂ ಅವಳಿಗೆ ತಿಳಿಯಿತು. ಅಷ್ಟರಲ್ಲಿ ಜನ ಒಬ್ಬೊಬ್ಬರಾಗಿ ತಲೆ ಎತ್ತತೊಡಗಿದರು. ಮೇಲೆ, ಮಾಮೆಯಾಲ್ ಗುಡ್ಡದ ಕಪ್ಪಿನಲ್ಲಿ, ಒಂದು ಕಿಟಕಿ ಬೆಳಗಿತು. ಅದರ ಪಕ್ಕ ಇನ್ನೊಂದು, ಆಮೇಲೆ ಓಣಿಯ ಉದ್ದಕ್ಕೂ ಒಂದರ ಹಿಂದೆ ಒಂದು, ಕಡಲಿನಲ್ಲಿ ದೂರ ಹೋಗುವ ದೋಣಿಗಳ ಸಾಲಿನ ಹಾಗೆ. ಗಾಳಿ ಈ ಕಡೆ ಬೀಸಿದಾಗ ಆ ಯಂತ್ರದ ಗುಡುಗುಡು ಸದ್ದೂ ಸಣ್ಣಗೆ ಇಳಿದುಬರುತ್ತಿತ್ತು. ಏಳೂ ಹೆಂಗಸರಿಗೆ ಗುರುತಿದ್ದ ಸದ್ದು.

ಯಾಮಿಲ್ ಮೈದಾನದ ನಡುವಿನ ದಿಬ್ಬದ ಮೇಲೆ ಬ್ಯಾಟುಗಾರನಿಗೆ ಬೆನ್ನು ಮಾಡಿ, ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದ. ಚೆಂಡು ಇನ್ನೂ ಕೈಯಲ್ಲೇ ಇತ್ತು.

"ಯಾರಾದ್ರೂ ಹೋಗಿ ಜನರೇಟರ್ ಹಾಕ್ರಪ್ಪ," ಎಂದು ಅಂಪೈರ್ ಇನ್ನೊಮ್ಮೆ ಹೇಳಿದ.